ಕಾವೇರಿ ದಡದಲ್ಲಿ ನೀರುನಾಯಿ ನೋಡಬೇಕೆಂದರೆ

ಕೇಳಿದವರು, ಮೈಸೂರು:
ಫೆಬ್ರವರಿ ಕೊನೆಗೆ ಎರಡು ದಿನ ಕುಶಾಲನಗರದಲ್ಲಿ ಇರುತ್ತೇವೆ, ಹತ್ತು ವರ್ಷದ ಮಗಳೂ ಜೊತೆಗಿರುತ್ತಾಳೆ. ದುಬಾರೆ ಕಡೆ ಕಾವೇರಿಯಲ್ಲಿ ನೀರುನಾಯಿ ನೋಡುವ ಆಸೆ. ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ಕೂರಬೇಕು, ಏನೇನು ತರಬೇಕು?

ಕುಶಾಲನಗರದಿಂದ:
ತಿಂಗಳು ಸರಿಯಾಗಿಯೇ ಆರಿಸಿದ್ದೀರಿ ಅಕ್ಕ. ಜನವರಿಯಿಂದ ಮಳೆ ಹಿಡಿಯುವ ತನಕ ಹೊಳೆ ಇಳಿದು ಬಂಡೆಗಳು ಮೇಲೆ ಬಂದಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು, ಆಗ ದಡದ ಹತ್ತಿರವೂ ಸುಳಿಯಬಾರದು.

ಮೊದಲ ದಿನ ನೀರುನಾಯಿ ಹುಡುಕಬೇಡಿ, ಅದರ ಹಿಕ್ಕೆ ಹುಡುಕಿ. ಒಂದು ಗುಂಪು ತನ್ನ ಹರವಿನಲ್ಲಿ ಕೆಲವೇ ಜಾಗಗಳಿಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ನೀರಂಚಿನ ಚಪ್ಪಟೆ ಬಂಡೆ, ನಡುಗಡ್ಡೆಯ ತುದಿ, ಮಡುವಿನ ಪಕ್ಕದ ಮರಳು, ತೊರೆ ಬಂದು ಹೊಳೆಗೆ ಸೇರುವ ಬಾಯಿ, ಇಷ್ಟು ಕಡೆ ನೋಡಿದರೆ ಸಾಕು. ಹಸಿ ಹಿಕ್ಕೆ ಕಪ್ಪಗೆ, ಲೋಳೆಲೋಳೆ, ಕೊಳೆತ ಮೀನಿನ ನಾತ. ಹಳೆಯದು ಬೂದಿ ಬಣ್ಣಕ್ಕೆ ತಿರುಗಿ, ಕಡ್ಡಿಯಲ್ಲಿ ಕೆದಕಿದರೆ ಪುಡಿಯಾಗುತ್ತದೆ. ಒಳಗೆ ಬಿಸಿಲಿಗೆ ಹೊಳೆಯುವ ಮೀನಿನ ಹುರುಪೆ, ಸೂಜಿಯಂಥ ಮುಳ್ಳು. ಕೈಯಲ್ಲಿ ಮುಟ್ಟಬೇಡಿ. ಮರಳಿನಲ್ಲಿ ಹೆಜ್ಜೆಯಿದ್ದರೆ ಬೆರಳು ಎಣಿಸಿ: ನೀರುನಾಯಿಗೆ ಐದು, ಊರನಾಯಿಗೆ ನಾಲ್ಕು.

ಹಸಿ ಹಿಕ್ಕೆ ಸಿಕ್ಕಿತೆಂದು ಅಲ್ಲೇ ಕೂರುವುದು ಎಲ್ಲರೂ ಮಾಡುವ ತಪ್ಪು. ನಿಮ್ಮ ವಾಸನೆ ಹತ್ತಿದರೆ ಗುಂಪು ಆ ಬಂಡೆ ಬಿಟ್ಟು ಮುಂದೆ ಹೋಗುತ್ತದೆ. ಕನಿಷ್ಠ ಐವತ್ತು ಮೀಟರ್ ದೂರದಲ್ಲಿ, ಗಾಳಿ ಬಂಡೆಯಿಂದ ನಿಮ್ಮ ಕಡೆ ಬೀಸುವಂತೆ, ಮರದ ಬುಡಕ್ಕೆ ಒರಗಿ ಕೂರಿ. ಬಿಸಿಲು ಎದುರಿಗೆ ಬಿದ್ದರೆ ನೀರು ಕನ್ನಡಿಯಾಗಿ ಏನೂ ಕಾಣುವುದಿಲ್ಲ, ಅದನ್ನೂ ನೋಡಿಕೊಂಡು ಜಾಗ ಹಿಡಿಯಿರಿ. ಎರಡು ಗಂಟೆ ಅಲುಗದೆ ಕೂರಬೇಕು. ಮಗಳಿಗೆ ಅದು ಕಷ್ಟ, ಹಾಗಾಗಿ ಬೈನಾಕ್ಯುಲರ್ ಅವಳ ಕೈಗೇ ಕೊಡಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಸಾಕು, ಹತ್ತು ಪಟ್ಟಿನದು (10x) ಆದರೆ ಕೈ ನಡುಗಿ ಚಿತ್ರ ಕುಣಿಯುತ್ತದೆ.

ವಿರಾಜಪೇಟೆಯಿಂದ:
ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ನೀರುನಾಯಿ ಚುರುಕಾಗಿರುವುದು ಬೆಳಗ್ಗೆ ಮತ್ತು ಸಂಜೆ, ನಿಜ. ಆದರೆ ಆನೆಯೂ ಅದೇ ಹೊತ್ತಿಗೆ ಹೊಳೆ ದಾಟುತ್ತದೆ. ರಾತ್ರಿಯಿಡೀ ಕಾಫಿ ತೋಟದಲ್ಲಿದ್ದ ಆನೆಗಳು ಕಾಡಿಗೆ ಮರಳುವುದು ನಸುಕಿನಲ್ಲಿ. ಪೂರ್ತಿ ಬೆಳಕಾದ ಮೇಲೆ, ಏಳು ಗಂಟೆಗೆ ಇಳಿಯಿರಿ, ಒಂಬತ್ತೂವರೆಗೆ ಏಳಿ. ಸಂಜೆ ಐದರ ನಂತರ ದಡದಲ್ಲಿ ಇರಲೇಬೇಡಿ. ದುಬಾರೆಯಲ್ಲಿ ಆಚೆ ದಡ ಮೀಸಲು ಅರಣ್ಯ, ಅಪ್ಪಣೆಯಿಲ್ಲದೆ ದಾಟುವಂತಿಲ್ಲ. ಈಚೆ ದಡ ಬಹುಪಾಲು ಯಾರದಾದರೂ ತೋಟವೇ, ಮಾಲೀಕರನ್ನೋ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಕೇಳಿಯೇ ಇಳಿಯಿರಿ. ಆನೆ ಎಲ್ಲಿದೆಯೆಂದು ಅವರಿಗೇ ಮೊದಲು ಗೊತ್ತಾಗುವುದು.

ಸಿದ್ದಾಪುರದಿಂದ:
ನೀರಿನಲ್ಲಿ ಮೊದಲು ಕಾಣುವುದು ಪ್ರಾಣಿಯಲ್ಲ, ಗೆರೆ. ನಿಂತ ಮಡುವಿನಲ್ಲಿ ಈಟಿ ಮೊನೆಯಂಥ ಅಲೆ, ಅದರ ತುದಿಯಲ್ಲಿ ನಯವಾದ ಚಪ್ಪಟೆ ತಲೆ. ನೀರುಕಾಗೆ ಕಂಡು ಮೋಸ ಹೋಗುವವರು ಬಹಳ. ಅದರ ಕತ್ತು ಕೋಲಿನ ಹಾಗೆ ನೆಟ್ಟಗಿರುತ್ತದೆ. ನೀರುನಾಯಿ ಮುಳುಗುವಾಗ ಬೆನ್ನು ಕಮಾನಾಗಿ ಬಾಗಿ ಬಾಲ ಕೊನೆಗೆ ಒಳಗೆ ಹೋಗುತ್ತದೆ, ಹೋದ ದಾರಿಯುದ್ದಕ್ಕೂ ಗುಳ್ಳೆಗಳ ಸಾಲು ಏಳುತ್ತದೆ. ಆ ಸಾಲಿನ ಮುಂದಕ್ಕೆ ಕಣ್ಣಿಡಿ. ಬೆಳ್ಳಕ್ಕಿಗಳು ದಡದುದ್ದಕ್ಕೂ ಹಾರಿ ಕೂತು, ಮತ್ತೆ ಹಾರಿ ಕೂತು ಮಾಡುತ್ತಿದ್ದರೆ ಕೆಳಗೆ ಮೀನು ಅಟ್ಟುವ ಗುಂಪು ಇರಬಹುದು. ಸಿಳ್ಳೆಯಂಥ ಸಣ್ಣ ಕೂಗಿಗೂ ಕಿವಿಗೊಡಿ, ಬಹಳ ಸಲ ಅದೇ ಮೊದಲ ಸುಳಿವು.

ಕಕ್ಕಬ್ಬೆಯಿಂದ:
ಮೇಲಿನವರೆಲ್ಲ ಹೇಳಿದ್ದು ದೊಡ್ಡ ಹೊಳೆಯ ನಯಗೂದಲಿನ ಜಾತಿಯ ವಿಷಯ, ಏಳರಿಂದ ಹನ್ನೊಂದು ಕಿಲೋ ತೂಗುವಂಥದ್ದು. ನಮ್ಮ ಬೆಟ್ಟದ ತೊರೆಗಳದ್ದು ಸಣ್ಣುಗುರಿನ ನೀರುನಾಯಿ, ಜಗತ್ತಿನ ನೀರುನಾಯಿಗಳಲ್ಲೇ ಅತಿ ಚಿಕ್ಕದು. ಅದರ ಮುಖ್ಯ ಆಹಾರ ಏಡಿ, ಹಿಕ್ಕೆಯ ತುಂಬ ಏಡಿ ಚಿಪ್ಪಿನ ಚೂರು. ಆದರೆ ಚಿಪ್ಪು ಕಂಡೊಡನೆ ತೀರ್ಮಾನಿಸಬೇಡಿ, ಮುಂಗುಸಿಯೂ ಏಡಿ ತಿನ್ನುತ್ತದೆ. ಇದು ಹೆಚ್ಚಾಗಿ ರಾತ್ರಿ ಓಡಾಡುತ್ತದೆ, ಎರಡು ದಿನದಲ್ಲಿ ಕಾಣುವುದು ಕಷ್ಟ. ಈ ಸಲ ಕಾವೇರಿಗೇ ಹೋಗಿ.

ಕೇಳಿದವರು:
ತುಂಬಾ ಉಪಕಾರ. ಮಗಳು ಮೀನು ತಂದು ಹಾಕುತ್ತೇನೆ ಅನ್ನುತ್ತಿದ್ದಾಳೆ. ಮನೆಯ ನಾಯಿಯನ್ನೂ ಕರೆತರುವುದಿತ್ತು.

ಕುಶಾಲನಗರದಿಂದ:
ಎರಡೂ ಬೇಡ ಅಕ್ಕ. ಮೀನು ಹಾಕಿದರೆ ಮನುಷ್ಯರ ಹತ್ತಿರ ಬರುವ ಚಟ ಹತ್ತುತ್ತದೆ, ಆಮೇಲೆ ಬಲೆಗೂ ಕಲ್ಲಿಗೂ ಸಿಕ್ಕಿ ಸಾಯುವುದು ಅವೇ. ನಾಯಿ ಬೊಗಳಿದರೆ ಆ ಬೆಳಗು ಮುಗಿಯಿತು. ಮರಿಗಳಿರುವ ಕಾಲ ಬೇರೆ, ದಡದ ಬಿಲವನ್ನು ನಾಯಿ ಕೆದಕಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸಬೇಕಾಗುತ್ತದೆ. ಒಂದು ನೀರುನಾಯಿ ಹಿಂಗಾಲ ಮೇಲೆ ನಿಂತು ನಿಮ್ಮನ್ನೇ ದಿಟ್ಟಿಸಿದರೆ ನೀವು ತೀರ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಎದ್ದು ಓಡಬೇಡಿ, ಕುಳಿತಲ್ಲಿಂದಲೇ ಮೆಲ್ಲನೆ ಹಿಂದೆ ಸರಿಯಿರಿ.

ವಿರಾಜಪೇಟೆಯಿಂದ:
ಹರಿಗೋಲಿನ ಮೀನುಗಾರರು ಸಿಕ್ಕರೆ ನೀರುನಾಯಿ ಎಲ್ಲಿ ಬಲೆ ಹರಿದಿದೆ ಎಂದು ಕೇಳಿ, ಗುಂಪು ಈಗ ಯಾವ ಮಡುವಿನಲ್ಲಿದೆ ಎನ್ನುವುದಕ್ಕೆ ಅದಕ್ಕಿಂತ ಹೊಸ ಸುದ್ದಿ ಸಿಗದು. ಹರಿದ ಬಲೆ ಅವರಿಗೆ ನಷ್ಟ, ಕೇಳುವಾಗ ಅದು ನೆನಪಿರಲಿ. ಬಲೆಯಲ್ಲಿ ಸಿಕ್ಕಿಬಿದ್ದ ನೀರುನಾಯಿ ಕಂಡರೆ ನೀವೇ ಬಿಡಿಸಲು ಹೋಗಬೇಡಿ, ಏಡಿ ಚಿಪ್ಪನ್ನೂ ಒಡೆಯುವ ಹಲ್ಲು ಅದು. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಊರಿನ ಹೆಸರು ಮತ್ತು ಹತ್ತಿರದ ಸೇತುವೆ ಯಾವುದೆಂದು ಹೇಳಿ.