ಪದಚರ್ಚೆ: ಸೋರುವ ಡೇರೆ, ಬೆವರುವ ಡೇರೆ

ಬಳಗದವರಿಗೆ ನಮಸ್ಕಾರ.

ಬೈಕಿನಲ್ಲಿ ಲಡಾಖಿಗೆ ಹೊರಟಿರುವ ಗೆಳೆಯರಿಗಾಗಿ ಡೇರೆ, ಹಾಸಿಗೆ, ಹೊದಿಕೆ ಆರಿಸುವುದರ ಬಗ್ಗೆ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಅವರಲ್ಲಿ ಮೆಕ್ಯಾನಿಕ್ಕುಗಳಿದ್ದಾರೆ, ಮೇಷ್ಟರಿದ್ದಾರೆ, ಬ್ಯಾಂಕಿನವರಿದ್ದಾರೆ. ಇಂಗ್ಲಿಷ್ ಹೆಸರುಗಳನ್ನು ಎಲ್ಲರೂ ಬಲ್ಲರು, ಬಾಯಿತುಂಬ ಬಳಸುತ್ತಾರೆ ಕೂಡ. ಆದರೂ ಚೀಟಿಯ ಮೇಲೆ ಅಚ್ಚಾದ ಅಂಕಿಯ ಅರ್ಥ ಏನೆಂದು ಕೇಳಿದರೆ ಒಬ್ಬೊಬ್ಬರದೂ ಒಂದೊಂದು ಉತ್ತರ. ಕನ್ನಡದ ಪದವೇ ಅರ್ಥ ಬಿಡಿಸಿ ಹೇಳುವಂತಿದ್ದರೆ ದುಡ್ಡು ಉಳಿಯುತ್ತದೆ, ಕೆಲವೊಮ್ಮೆ ಜೀವವೂ. ಕೆಲವು ಪದಗಳನ್ನು ಆರಿಸಿಕೊಂಡಿದ್ದೇನೆ, ಕೆಲವಕ್ಕೆ ನಿಮ್ಮ ನೆರವು ಬೇಕು.

ಕ್ಯಾಂಪಿಂಗ್ ಎಂಬುದಕ್ಕೆ ‘ಶಿಬಿರ’ ಬೇಡವೆಂದು ತೀರ್ಮಾನಿಸಿದ್ದೇನೆ. ಆ ಪದ ಕೇಳಿದೊಡನೆ ರಕ್ತದಾನದ ಬ್ಯಾನರು ಕಣ್ಣಮುಂದೆ ಬರುತ್ತದೆ. ಸಕ್ರೆಬೈಲಿನ ಆನೆಗಳಿಗೆ ಒಪ್ಪಿರುವ ‘ಬಿಡಾರ’ ನಮಗೂ ಒಪ್ಪೀತು. ‘ಬಿಡಾರ ಹೂಡು’ ಎಂಬ ಕ್ರಿಯಾಪದವೂ ಕೈಗೆ ಸಿದ್ಧವಾಗಿದೆ. ಗುಡಾರವೋ ಡೇರೆಯೋ ಎಂಬಲ್ಲಿ ಸ್ವಲ್ಪ ಹೊಯ್ದಾಡಿದೆ. ಪತ್ರಿಕೆಗಳು ನೆರೆ ಸಂತ್ರಸ್ತರ ಸುದ್ದಿಯಲ್ಲಿ ಬಳಸಿ ಬಳಸಿ ‘ಗುಡಾರ’ಕ್ಕೆ ಒಂದು ಅಸಹಾಯಕತೆ ಅಂಟಿಕೊಂಡಿದೆ. ಡೇರೆಯಲ್ಲಿ ಸರ್ಕಸ್ಸು, ಯಕ್ಷಗಾನದ ಮೇಳ ಎಲ್ಲ ಸೇರಿ ಒಂದಿಷ್ಟು ಸಂಭ್ರಮವಿದೆ. ಹಾಗಾಗಿ ಡೇರೆಯೇ ಇರಲಿ. ಟೆಂಟ್ ಸಿನಿಮಾ ನೋಡಿ ಬೆಳೆದವರು ‘ಟೆಂಟು’ ಎಂದರೆ ತಿದ್ದಲು ಹೋಗುವುದಿಲ್ಲ.

ನಿಜವಾದ ತೊಡಕು ‘ಜಲನಿರೋಧಕ’ದಲ್ಲಿದೆ. ನಾಲ್ಕು ಹನಿ ತಡೆಯುವ ಬಟ್ಟೆಗೂ ಇದೇ ಪದ, ಇಡೀ ರಾತ್ರಿಯ ಮಳೆ ತಡೆಯುವ ಬಟ್ಟೆಗೂ ಇದೇ ಪದ. ಡೇರೆಯ ಬಟ್ಟೆಯನ್ನು ಅಳೆಯುವುದು ಮಿಲಿಮೀಟರಿನಲ್ಲಿ: ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರಕ್ಕೆ ನೀರು ಒಸರತೊಡಗುತ್ತದೆ ಎಂದು ನೋಡುತ್ತಾರೆ. 3000 ಎಂದು ಬರೆದಿದ್ದರೆ ಮೂರು ಮೀಟರ್ ನೀರಿನ ಭಾರವನ್ನು ಅದು ತಡೆದಿದೆ ಎಂದರ್ಥ. ನೆಲದ ಬಟ್ಟೆಗೆ ಮೇಲಿನದಕ್ಕಿಂತ ದೊಡ್ಡ ಅಂಕಿ ಬೇಕು, ಏಕೆಂದರೆ ಒದ್ದೆ ನೆಲದ ಮೇಲೆ ಮೊಣಕಾಲೂರಿದಾಗ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಬಹಳ ಹೆಚ್ಚು. ಇದಕ್ಕೆ ‘ನೀರ್ದಡೆ’ ಎಂಬ ಪದ ಹೊಳೆದಿದೆ. ‘ಈ ಡೇರೆಯ ನೀರ್ದಡೆ ಎಷ್ಟು?’ ಎಂದು ಕೇಳಿದರೆ ಉತ್ತರವಾಗಿ ಅಂಕಿಯೇ ಬರಬೇಕು. ‘ಜಲನಿರೋಧಕವೇ?’ ಎಂದು ಕೇಳಿದರೆ ಅಂಗಡಿಯವನು ಹೌದೆಂದು ತಲೆಯಾಡಿಸಿ ಬಿಲ್ ಬರೆಯುತ್ತಾನೆ.

ಇದರ ಬೆನ್ನಿಗೇ ಇನ್ನೊಂದು. ಮಳೆಯಿಲ್ಲದ, ನಕ್ಷತ್ರ ತುಂಬಿದ ರಾತ್ರಿ ಕಳೆದು ಬೆಳಗಾದಾಗ ಡೇರೆಯ ಒಳಮೈಯಲ್ಲೆಲ್ಲ ನೀರಹನಿ. ಬೆರಳು ತಗುಲಿದರೆ ಗೆರೆಯಾಗಿ ಇಳಿಯುತ್ತದೆ, ಹೊದಿಕೆಯ ಕಾಲ್ದೆಸೆ ತೊಯ್ದಿರುತ್ತದೆ. ನಮ್ಮ ಗುಂಪಿನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ‘ಡೇರೆ ಸೋರುತ್ತದೆ’ ಎಂದು ದೂರುತ್ತಾರೆ. ಅದು ಮಲಗಿದವರ ಉಸಿರಿನ ತೇವ. ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿದೆ, ಅಷ್ಟೆ. ಪಠ್ಯಪುಸ್ತಕದ ‘ಸಾಂದ್ರೀಕರಣ’ವನ್ನು ಬಿಡಾರದಲ್ಲಿ ಯಾರೂ ಉಚ್ಚರಿಸಲಾರರು. ಮಳೆಗಾಲದಲ್ಲಿ ನೆಲ ಬೆವರಿತು, ಗೋಡೆ ಬೆವರಿತು ಎನ್ನುತ್ತೇವಲ್ಲ, ಹಾಗೆಯೇ ‘ಡೇರೆ ಬೆವರಿದೆ’ ಎಂದರೆ ಮುಗಿಯಿತು. ಸೋರುವುದಕ್ಕೆ ಮದ್ದು ಹೊಲಿಗೆಯ ಮೇಲೆ ಪಟ್ಟಿ ಅಂಟಿಸುವುದು. ಬೆವರುವುದಕ್ಕೆ ಮದ್ದು ಗಾಳಿಕಿಂಡಿ ತೆರೆದಿಡುವುದು. ಎರಡನ್ನೂ ಒಂದೇ ಎಂದುಕೊಂಡವರು ಕಿಂಡಿ ಮುಚ್ಚಿ ಇನ್ನಷ್ಟು ತೊಯ್ಯುತ್ತಾರೆ. ಬಲೆಯ ಒಳಡೇರೆ, ಅದರ ಮೇಲೆ ಬೇರೆಯಾಗಿ ನಿಲ್ಲುವ ಮೇಲ್ಡೇರೆ ಇರುವ ‘ಇಮ್ಮಡಿ ಪದರ’ದ್ದನ್ನು ಕೊಳ್ಳಿ ಎಂದು ಬರೆಯುತ್ತಿರುವುದೂ ಇದಕ್ಕೇ. ಮೇಲ್ಡೇರೆ ಬೆವರಿದರೂ ಒಳಗಿನವರಿಗೆ ತಾಗುವುದಿಲ್ಲ.

ಚಾರಣಿಗರು ಮೊದಲು ತೂಕ ನೋಡುತ್ತಾರೆ. ಬೈಕಿನವರು ನೋಡಬೇಕಾದದ್ದು ಕಟ್ಟಿನ ಉದ್ದ, ಅಂದರೆ ಮಡಿಸಿ ಸುತ್ತಿದ ಮೇಲೆ ಎಷ್ಟುದ್ದ ಎಂಬುದು. ಬಟ್ಟೆಯನ್ನು ಹೇಗಾದರೂ ತುರುಕಬಹುದು; ಉದ್ದವನ್ನು ನಿರ್ಧರಿಸುವುದು ಗಳ. ಒಳಗೆ ರಬ್ಬರ್ ದಾರವಿರುವ, ತುಂಡು ತುಂಡಾಗಿ ಮಡಚುವ ಗಳದ ಒಂದೊಂದು ತುಂಡನ್ನು ಕಬ್ಬು ಬಿದಿರುಗಳಿಗೆ ಹೇಳುವಂತೆ ‘ಗೆಣ್ಣು’ ಎಂದು ಕರೆದಿದ್ದೇನೆ. ಗೆಣ್ಣು 40 ಸೆಂಟಿಮೀಟರ್ ಒಳಗಿದ್ದರೆ ಹೆಚ್ಚಿನ ಪಕ್ಕದ ಪೆಟ್ಟಿಗೆಗಳಲ್ಲಿ ಕೂರುತ್ತದೆ, 50 ದಾಟಿದರೆ ಸೀಟಿನ ಮೇಲೆ ಅಡ್ಡ ಕಟ್ಟಬೇಕು. ಗೂಟವಿಲ್ಲದೆಯೂ ನಿಲ್ಲುವ ಡೇರೆಗೆ ‘ತಾನಿಲುವಿನ ಡೇರೆ’ ಎಂದಿದ್ದೇನೆ. ಕಿವಿಗೆ ಒಡ್ಡೊಡ್ಡಾಗಿದೆಯೇ? ಲಡಾಖಿನ ಕಲ್ಲುನೆಲದಲ್ಲಿ ಗೂಟ ಇಳಿಯುವುದಿಲ್ಲವಾದ್ದರಿಂದ ಈ ಪದವನ್ನು ಬಿಡುವಂತಿಲ್ಲ.

ಸ್ಲೀಪಿಂಗ್ ಬ್ಯಾಗಿಗೆ ‘ಮಲಗುಚೀಲ’ ಸಾಕು. ಅದರ ಚೀಟಿಯ ಮೂರು ತಾಪಮಾನಗಳ ಮುಂದೆ ಕುಳಿತು ತಲೆ ಕೆಡಿಸಿಕೊಂಡಿದ್ದೇನೆ. 2002ರ ಯುರೋಪಿನ ಇಎನ್ 13537 ಮಾನಕ ತಂದ ಪದ್ಧತಿ ಇದು. ಈಗ ಐಎಸ್‌ಒ 23537 ಆಗಿ ಮುಂದುವರಿದಿದೆ. ಮೊದಲನೆಯದರಲ್ಲಿ ಸಾಧಾರಣ ಮೈಕಟ್ಟಿನ ಹೆಣ್ಣು ಮೈ ಸಡಿಲ ಬಿಟ್ಟು ಚಳಿಯಿಲ್ಲದೆ ಮಲಗಬಹುದು. ಎರಡನೆಯದರಲ್ಲಿ ಸಾಧಾರಣ ಮೈಕಟ್ಟಿನ ಗಂಡು ಮುದುಡಿ ಮಲಗಿ, ನಡುಕ ಹುಟ್ಟುವ ಅಂಚಿನಲ್ಲಿ ರಾತ್ರಿ ಕಳೆಯಬಹುದು. ಮೂರನೆಯದು ಆರು ಗಂಟೆ ಜೀವ ಹಿಡಿದುಕೊಳ್ಳುವ ಲೆಕ್ಕ, ನಿದ್ದೆಯ ಮಾತೇ ಇಲ್ಲ. ಮೊದಲನೆಯದು 0 ಡಿಗ್ರಿ ಇರುವ ಚೀಲದಲ್ಲಿ ಎರಡನೆಯದು ಸಾಮಾನ್ಯವಾಗಿ −5ರ ಆಸುಪಾಸು, ಮೂರನೆಯದು −20ರ ಆಚೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಯಾವುದನ್ನು ಹಾಕಿದರೆ ಮಾಲು ಮಾರಾಟವಾಗುತ್ತದೆ ಎಂದು ಹೇಳಬೇಕಿಲ್ಲ. ಸಮುದ್ರಮಟ್ಟದಿಂದ 4,200 ಮೀಟರಿಗೂ ಎತ್ತರದಲ್ಲಿರುವ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ಆ ಅಂಕಿ ನಂಬಿ ಮಲಗಿದವರ ಪಾಡು ಬೇಡ.

‘ಆರಾಮ, ಮಿತಿ, ವಿಪರೀತ’ ಎಂದು ನೇರವಾಗಿ ಅನುವಾದಿಸಿದರೆ ಆ ಮೋಸ ಕನ್ನಡಕ್ಕೂ ಬರುತ್ತದೆ. ‘ಹಿತದ ಮಟ್ಟ, ಮುದುಡುವ ಮಟ್ಟ, ಜೀವದ ಮಟ್ಟ’ ಎಂದು ಬರೆದಿದ್ದೇನೆ. ಮೂರನೆಯದರ ಬಗ್ಗೆ ನನಗೇ ಅನುಮಾನವಿದೆ. ‘ಪ್ರಾಣಾಂತಿಕ ಮಟ್ಟ’ ಎಂದರೆ ಅತಿಯಾಯಿತೇ, ಅಥವಾ ಅದೇ ಸರಿಯೇ?

ಚೀಲದೊಳಗಿನ ಬಾತುಕೋಳಿಯ ಎಳೆಗರಿಗೆ ‘ತುಪ್ಪಳ’ ಎಂದು ಹೇಳಲು ಧೈರ್ಯ ಮಾಡಿದ್ದೇನೆ. ಗರಿ, ಪುಕ್ಕ ಎಂದರೆ ದಂಟಿರುವ ಹೊರಗರಿ ಎಂದಾಗುತ್ತದೆ, ಬೆಲೆಯಲ್ಲೂ ಬಿಸಿಯಲ್ಲೂ ಅದು ಕೆಳಗಿನದು. ತುಪ್ಪಳ ಸಣ್ಣ ಗಂಟಿನಲ್ಲಿ ಅಡಗುತ್ತದೆ, ಆದರೆ ನೆನೆದರೆ ಕೆಲಸಕ್ಕೆ ಬಾರದು. ಘಟ್ಟದ ಮಳೆಗೆ ಕೃತಕ ನಾರಿನದೇ ವಾಸಿ.

ಮೈಭಾರಕ್ಕೆ ಅಡಿಯಲ್ಲಿ ಅಮುಕಿದ ತುಪ್ಪಳ ಬಿಸಿ ಹಿಡಿಯುವುದಿಲ್ಲ. ಅಲ್ಲಿ ದುಡಿಯುವುದು ಚಾಪೆ. ಬಡತನವನ್ನೂ ಹಾಸಿ ಹೊದೆಯುವ ನಾವು ಹಾಸು ಬೇರೆ, ಹೊದಿಕೆ ಬೇರೆ ಎಂಬುದನ್ನು ಬಲ್ಲೆವು. ಎರಡಕ್ಕೂ ಸಮನಾಗಿ ಖರ್ಚು ಮಾಡಿ ಎಂದು ಬರೆದರೆ ಸಾಕು. ಬಿಸಿ ಸೋರಿಹೋಗದಂತೆ ಚಾಪೆ ಎಷ್ಟು ತಡೆಯುತ್ತದೆ ಎಂದು ಹೇಳುವ ‘ಆರ್’ ಅಂಕಿಗೆ ‘ಥಂಡಿತಡೆ’ ಎಂದಿದ್ದೇನೆ. ಭೌತಶಾಸ್ತ್ರದ ಮೇಷ್ಟರು ಥಂಡಿ ಮೇಲೇರುವುದಿಲ್ಲ, ಮೈಯ ಬಿಸಿ ನೆಲಕ್ಕಿಳಿಯುತ್ತದೆ ಎಂದು ಆಕ್ಷೇಪಿಸಬಹುದು. ‘ನೆಲದ ಥಂಡಿ ಹತ್ತಿತು’ ಎನ್ನುವ ಊರಿನಲ್ಲಿ ಅವರ ಮಾತು ನಡೆಯುವುದು ಕಷ್ಟ. ಈ ಅಂಕಿಗಳನ್ನು ಕೂಡಿಸಬಹುದು: 2ರ ಫೋಮ್ ಚಾಪೆಯ ಮೇಲೆ 3ರ ಗಾಳಿಹಾಸಿಗೆ ಹಾಕಿದರೆ 5.

ಕೊನೆಯದಾಗಿ ಗೂಟ ಮತ್ತು ಹಗ್ಗ. ಡೇರೆಯನ್ನು ಓರೆಯಾಗಿ ಎಳೆದು ಗೂಟಕ್ಕೋ ಕಲ್ಲಿಗೋ ಬಿಗಿಯುವ ಹಗ್ಗಕ್ಕೆ ನನ್ನಲ್ಲಿ ಒಳ್ಳೆಯ ಪದವಿಲ್ಲ. ‘ಬಿಗಿಹಗ್ಗ’ ಸಪ್ಪೆ, ‘ಮಿಣಿ’ ನೊಗಕ್ಕೆ ಸೇರಿದ್ದು. ಕರಾವಳಿಯ ಡೇರೆ ಮೇಳಗಳಲ್ಲಿ ಡೇರೆ ಎಬ್ಬಿಸುತ್ತಿದ್ದ ಕೆಲಸಗಾರರು ಈ ಹಗ್ಗವನ್ನೂ, ಎಳೆದಂತೆ ಬಿಗಿಯಾಗುವ ಅದರ ಗಂಟನ್ನೂ ಏನೆಂದು ಕರೆಯುತ್ತಿದ್ದರು? ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಸದಸ್ಯರು ಹಿರಿಯರನ್ನು ಕೇಳಿ, ಅವರು ಹೇಳಿದ ರೂಪದಲ್ಲೇ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ. ತುಳುವಿನ ಪದವಾದರೂ ಸರಿ.