ಮಾತ್ರೆಗೆ ಜಗ್ಗದ ಗಡ್ಡೆ: ಮತ್ತೊಮ್ಮೆ ಬಯಾಪ್ಸಿ ಮಾಡಿಸಿದವರು ಅನುಭವ ತಿಳಿಸುವಿರಾ?

ಪ್ರಶ್ನೆ ಕೇಳಿದ ಮಗಳು: ತಂದೆಯವರಿಗೆ ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ (ಇಜಿಎಫ್‌ಆರ್ ಎಂಬ ಜೀನಿನ ಒಂದು ತುಣುಕು ಅಳಿಸಿಹೋದ ದೋಷ) ಇರುವ ಶ್ವಾಸಕೋಶದ ಕ್ಯಾನ್ಸರ್. ಮೊದಲಿನಿಂದಲೂ ಆ ದೋಷವನ್ನೇ ಗುರಿಯಾಗಿಸುವ ಒಸಿಮರ್ಟಿನಿಬ್ ಮಾತ್ರೆ, 17 ತಿಂಗಳ ನಂತರ ಈಗ ಗಡ್ಡೆ ಮತ್ತೆ ಬೆಳೆದಿದೆ. ಬಯಾಪ್ಸಿಗೆ, ಅಂದರೆ ಗಡ್ಡೆಯ ಚೂರು ತೆಗೆಯಲು, ಸೂಜಿ ಚುಚ್ಚಿಸಿಕೊಳ್ಳಲು ಅವರು ಒಪ್ಪುತ್ತಿಲ್ಲ. ಗಡ್ಡೆಯ ಡಿಎನ್‌ಎ ಹುಡುಕುವ ರಕ್ತಪರೀಕ್ಷೆಯೊಂದೇ ಸಾಕೇ?

ಒಬ್ಬ ಪತ್ನಿ: ನಾವೂ ಸಾಕೆಂದೇ ತಿಳಿದಿದ್ದೆವು. ನಮ್ಮ ಯಜಮಾನರಿಗೆ ಅದೇ 80 ಮಿಲಿಗ್ರಾಂ ಮಾತ್ರೆ 14 ತಿಂಗಳು ಗಡ್ಡೆಯನ್ನು ಹಿಡಿದಿಟ್ಟಿತು. ರಕ್ತದ ವರದಿ ಕೈಗೆ ಬರಲು 19 ದಿನ. ಹಳೆಯ ಡಿಲೀಷನ್ ಬಿಟ್ಟರೆ ಅದರಲ್ಲಿ ಹೊಸದೇನೂ ಇರಲಿಲ್ಲ. ಅದನ್ನೇ ಒಳ್ಳೆಯ ಸುದ್ದಿಯೆಂದು ನಂಬಿ ಮಾತ್ರೆ ಮುಂದುವರಿಸಿದೆವು. ಒಂಬತ್ತು ವಾರ ಕಳೆಯುವಷ್ಟರಲ್ಲಿ ಯಕೃತ್ತಿನಲ್ಲಿ ಗಡ್ಡೆಗಳೆದ್ದವು. ಆಮೇಲೆ ಸೂಜಿ ಹಾಕಿ ನೋಡಿದರೆ, ಅಡಿನೋಕಾರ್ಸಿನೋಮ ಎಂಬ ಬಗೆ ಹೋಗಿ ಸ್ಮಾಲ್ ಸೆಲ್ ಎಂಬ ಬೇರೆಯೇ ಬಗೆಯ ಕ್ಯಾನ್ಸರ್ ಆಗಿ ರೂಪವನ್ನೇ ಬದಲಿಸಿಕೊಂಡಿತ್ತು. ಆ ಬದಲಾವಣೆಯನ್ನು ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟೇ ಖಚಿತಪಡಿಸಬೇಕು. ಅದಕ್ಕೆ ಬೇಕಾಗಿದ್ದುದು ಪ್ಲಾಟಿನಂ ಮತ್ತು ಎಟೊಪೊಸೈಡ್ ಕೀಮೋ. ಆ ಒಂಬತ್ತು ವಾರಗಳನ್ನು ನಾನು ಇಂದಿಗೂ ಎಣಿಸುತ್ತೇನೆ.

ಒಬ್ಬ ಮಗ: ದಯವಿಟ್ಟು ಎಲ್ಲರನ್ನೂ ಹೆದರಿಸಬೇಡಿ, ಮೇಡಂ. ನನ್ನ ತಾಯಿಯವರಿಗೆ ಇಜಿಎಫ್‌ಆರ್‌ನದೇ ಹಳೆಯ ಮಾತ್ರೆ ಜೆಫಿಟಿನಿಬ್ 11 ತಿಂಗಳಿಗೆ ಸೋತಾಗ ಬರೀ ರಕ್ತದಲ್ಲೇ ಟಿ790ಎಂ ಎಂಬ ಹೊಸ ಜೀನ್ ಬದಲಾವಣೆ ಸಿಕ್ಕಿತು. ಆ ಔಷಧಕ್ಕೆ ಜಗ್ಗದ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇದೇ ಕಾರಣ. ಅದರ ಮೇಲೂ ಕೆಲಸ ಮಾಡುವ ಒಸಿಮರ್ಟಿನಿಬ್ ಶುರುವಾದ ಮೂರನೇ ವಾರಕ್ಕೆ ಕೆಮ್ಮು ನಿಂತಿತು. ನಾನು ಗಡಿಯಾರ ನೋಡಿಯೇ ಮಾತ್ರೆ ಕೊಡುತ್ತಿದ್ದೆ. ಹೊತ್ತು ತಪ್ಪಿಸಿ ನುಂಗುವವರಲ್ಲಿ ದೇಹ ಬೇಗ ಔಷಧಕ್ಕೆ ಒಗ್ಗಿಬಿಡುತ್ತದೆ.

ಒಬ್ಬ ಪತ್ನಿ: ಈ ಕೊನೆಯ ಮಾತನ್ನು ಹಿಂತೆಗೆದುಕೊಳ್ಳಿ. ನಮ್ಮ ಯಜಮಾನರು ಖಾಲಿಯಾದ ಪ್ರತಿ ಸ್ಟ್ರಿಪ್ಪಿನ ಬೆನ್ನಿಗೆ ಪೆನ್ನಿನಲ್ಲಿ ತಾರೀಖು ಬರೆದು ಡಬ್ಬಿಯಲ್ಲಿ ಇಡುತ್ತಿದ್ದರು. ಆ ಡಬ್ಬಿ ಈಗಲೂ ನನ್ನ ಬಳಿ ಇದೆ, ಒಂದು ದಿನವೂ ತಪ್ಪಿಲ್ಲ. ಒಗ್ಗುವುದು ದೇಹವಲ್ಲ. ಮಾತ್ರೆಗೆ ಬಗ್ಗುವ ಕೋಶಗಳು ಸಾಯುತ್ತವೆ, ಬಗ್ಗದೆ ಉಳಿದ ಕೆಲವು ಆ ಜಾಗದಲ್ಲಿ ಬೆಳೆಯುತ್ತವೆ. ನಿಮ್ಮ ತಾಯಿಯವರಲ್ಲಿ ಟಿ790ಎಂ ತಲೆಯೆತ್ತಿದ್ದೂ ನೀವು ಗಡಿಯಾರ ನೋಡಿ ಕೊಡುತ್ತಿದ್ದಾಗಲೇ.

ಸ್ವತಃ ರೋಗಿ: ನನ್ನದು ಎಎಲ್‌ಕೆ ಎಂಬ ಇನ್ನೊಂದು ಜೀನಿನ ದೋಷದ ಶ್ವಾಸಕೋಶದ ಕ್ಯಾನ್ಸರ್. ಎರಡನೇ ಬಯಾಪ್ಸಿಯಲ್ಲಿ ಶ್ವಾಸಕೋಶದ ಗಾಳಿ ಸೋರಿ, ಪಕ್ಕೆಗೆ ಕೊಳವೆ ಹಾಕಿಸಿಕೊಂಡು ಆರು ದಿನ ಮಲಗಿದೆ. ಕೊಳವೆಯ ತುದಿಯ ಬಾಟಲಿಯ ನೀರಿನಲ್ಲಿ ಗುಳ್ಳೆಗಳು ನಿಂತವೇ ಎಂದು ರಾತ್ರಿಯೆಲ್ಲ ನೋಡುತ್ತಿದ್ದೆ. ತೆಗೆದ ಅಂಗಾಂಶ ಪರೀಕ್ಷೆಗೆ ಸಾಲದೆ ಮತ್ತೆ ಚುಚ್ಚಿದರು. ಆದರೆ ಜಿ1202ಆರ್ ಎಂಬ ಹೊಸ ಜೀನ್ ಬದಲಾವಣೆ ಕಂಡದ್ದು ಅದರಲ್ಲೇ, ಅಲೆಕ್ಟಿನಿಬ್ ಔಷಧ ಬಿಟ್ಟು ಲೋರ್ಲಾಟಿನಿಬ್ ಔಷಧಕ್ಕೆ ಹೋದದ್ದೂ ಅದರಿಂದಲೇ. ಮಗನಾದವರಿಗೆ ಒಂದು ಮಾತು: ಟಿ790ಎಂ ನಿಮ್ಮ ತಾಯಿಯವರ ಕಥೆ. ಮೊದಲೇ ಒಸಿಮರ್ಟಿನಿಬ್ ಪಡೆದವರಲ್ಲಿ ಹುಡುಕಬೇಕಾದದ್ದು ಇಜಿಎಫ್‌ಆರ್‌ನಲ್ಲಿ ಸಿ797ಎಸ್ ಎಂಬ ಬದಲಾವಣೆ, ಮೆಟ್ ಜೀನಿನ ಪ್ರತಿಗಳ ಹೆಚ್ಚಳ ಮುಂತಾದವು. ಮೆಟ್ ರಕ್ತದಲ್ಲಿ ಎಷ್ಟೋ ಬಾರಿ ಕಣ್ತಪ್ಪುತ್ತದೆ.

ಒಬ್ಬ ಮಗ: ಹೊತ್ತಿನ ಮಾತನ್ನು ಹಿಂತೆಗೆದುಕೊಂಡಿದ್ದೇನೆ, ಕ್ಷಮಿಸಿ. ರಕ್ತಪರೀಕ್ಷೆಯ ಮಾತನ್ನಲ್ಲ. ಸೂಜಿ ತರುವುದು ಒಂದು ಗಡ್ಡೆಯ ಒಂದು ಮೂಲೆಯನ್ನು; ಬೇರೆ ಬೇರೆ ಗಡ್ಡೆಗಳು ಉದುರಿಸಿದ ಡಿಎನ್‌ಎ ರಕ್ತದಲ್ಲಿ ಒಟ್ಟಿಗೆ ಸಿಗಬಹುದು. ಮೊದಲು ರಕ್ತ ಕೊಡಲಿ.

ಒಬ್ಬ ಪತ್ನಿ: ಕೊಡಲಿ. ಆದರೆ ಸೂಜಿಯ ದಿನಾಂಕವನ್ನೂ ಅಂದೇ ಗೊತ್ತುಮಾಡಿಕೊಳ್ಳಲಿ.