ಎರಡು ತಿಂಗಳ ಬ್ಯಾಕ್‌ಪ್ಯಾಕಿಂಗ್‌ಗೆ ಪ್ರವಾಸ ವಿಮೆ: ಕಡಿಮೆ ದುಡ್ಡಿನಲ್ಲಿ ಏನನ್ನು ನೋಡಿ ಆರಿಸಬೇಕು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ದೀಪಾವಳಿ ಮುಗಿಸಿಕೊಂಡು ಥಾಯ್ಲೆಂಡ್, ಲಾವೋಸ್ ಮತ್ತು ವಿಯೆಟ್ನಾಂಗಳಲ್ಲಿ ಸುಮಾರು ಎರಡು ತಿಂಗಳು ತಿರುಗಾಡಿ, ಊರಿಗೆ ಬಂದು ಕೆಲವು ವಾರ ಇದ್ದು, ಮಾರ್ಚ್ ಹೊತ್ತಿಗೆ ನೇಪಾಳಕ್ಕೆ ಹೋಗಿ ಅನ್ನಪೂರ್ಣ ಬೇಸ್ ಕ್ಯಾಂಪ್‌ವರೆಗೆ ನಡೆಯಬೇಕೆಂದು ಯೋಚಿಸಿದ್ದೇನೆ. ಬೆನ್ನಿಗೊಂದು ಚೀಲ, ಹಾಸ್ಟೆಲ್‌ನ ಡಾರ್ಮಿಟರಿ, ರಾತ್ರಿ ಬಸ್ಸು. ಇದಕ್ಕಿಂತ ಹೆಚ್ಚಿನ ಅನುಕೂಲಕ್ಕೆ ಕೈಯಲ್ಲಿ ದುಡ್ಡಿಲ್ಲ. ಅಂತರ್ಜಾಲದಲ್ಲಿ ಪ್ರವಾಸ ವಿಮೆ ಹುಡುಕಿದರೆ ಅದೇ ಅವಧಿಗೆ ಎರಡು ಸಾವಿರ ರೂಪಾಯಿಯೊಳಗಿನ ಪಾಲಿಸಿಯೂ ಸಿಗುತ್ತದೆ, ಅದರ ಎರಡು-ಮೂರು ಪಟ್ಟು ಬೆಲೆಯದ್ದೂ ಸಿಗುತ್ತದೆ. ಎರಡರ ಮೇಲೂ 50,000 ಡಾಲರ್ ಎಂದೇ ಬರೆದಿರುತ್ತದೆ. ವ್ಯತ್ಯಾಸ ಎಲ್ಲಿದೆ ಎಂಬುದು ನನಗೆ ತಿಳಿಯುತ್ತಿಲ್ಲ.

ಮನೆಯವರಿಗೆಲ್ಲ ಸೇರಿ ಆರೋಗ್ಯ ವಿಮೆ ಇರುವಾಗ ಇನ್ನೊಂದೇಕೆ ಎಂದು ಅಪ್ಪ ಕೇಳುತ್ತಿದ್ದಾರೆ. ಕ್ರೆಡಿಟ್ ಕಾರ್ಡ್‌ನೊಂದಿಗೆ ಉಚಿತ ವಿಮೆ ಬರುತ್ತದೆ, ಅದೇ ಸಾಕು ಎಂದು ಗೆಳೆಯನೊಬ್ಬ ಹೇಳುತ್ತಾನೆ. ನನಗೆ ಚಿಕ್ಕಂದಿನಿಂದ ಅಸ್ತಮಾ ಇದೆ, ಚಳಿಗಾಲದಲ್ಲಿ ಇನ್ಹೇಲರ್ ಬೇಕಾಗುತ್ತದೆ. ಅದನ್ನು ಅರ್ಜಿಯಲ್ಲಿ ತಿಳಿಸಿದರೆ ಪ್ರೀಮಿಯಂ ಏರಬಹುದೆಂಬ ಅಳುಕು. ವಿಯೆಟ್ನಾಂನ ಹಾ ಜಿಯಾಂಗ್ ಕಡೆ ಬಾಡಿಗೆ ಬೈಕಿನಲ್ಲಿ ಸುತ್ತುವ ಆಸೆಯೂ ಇದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1 (ಚಿತ್ರದುರ್ಗ, ಸಾಮಾನ್ಯ ವಿಮೆಯ ಕ್ಲೈಮ್ ವಿಭಾಗದಿಂದ ನಿವೃತ್ತ)

ತಮ್ಮಾ, ಮೊದಲು ನಿಮ್ಮ ತಂದೆಯವರ ಮಾತನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಫ್ಯಾಮಿಲಿ ಫ್ಲೋಟರ್ (ಮನೆಯವರೆಲ್ಲರಿಗೂ ಸೇರಿ ಒಂದೇ ಮೊತ್ತದ) ಪಾಲಿಸಿಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಅನ್ವಯವಾಗುತ್ತವೆ. ಹೊರದೇಶದ ಚಿಕಿತ್ಸೆಯನ್ನು ಸೇರಿಸಿಕೊಂಡವು ಇಲ್ಲವೆಂದಲ್ಲ, ಆದರೆ ಅವು ದುಬಾರಿ. ಮನೆಯಲ್ಲಿ ಅಂಥದ್ದು ಇದ್ದಿದ್ದರೆ ಏಜೆಂಟರು ಅದನ್ನು ಮೊದಲೇ ಎತ್ತಿ ಹೇಳಿರುತ್ತಿದ್ದರು. ಕಾರ್ಡ್‌ನ ಉಚಿತ ವಿಮೆಯಲ್ಲಿ ಹೆಚ್ಚಿನ ಪಾಲು ವಿಮಾನಾಪಘಾತದ ಪರಿಹಾರವೇ ಆಗಿರುತ್ತದೆ, ಅದಕ್ಕೂ ಟಿಕೆಟ್ಟನ್ನು ಅದೇ ಕಾರ್ಡ್‌ನಿಂದ ಕೊಂಡಿರಬೇಕೆಂಬಂಥ ಷರತ್ತುಗಳು ಇರುತ್ತವೆ. ಲಾವೋಸಿನ ಲುವಾಂಗ್ ಪ್ರಬಾಂಗ್‌ನಲ್ಲಿ ಹೊಟ್ಟೆ ಕೆಟ್ಟು ಡ್ರಿಪ್ ಹಾಕಿಸಿಕೊಂಡರೆ ಅದು ನೆರವಿಗೆ ಬರುವುದಿಲ್ಲ.

ಇನ್ನು ಎರಡು ಪಾಲಿಸಿಗಳ ಮೇಲೂ 50,000 ಡಾಲರ್ ಎಂದಿದ್ದರೂ ಬೆಲೆ ಬೇರೆ ಏಕೆ ಎಂಬುದು. ಆ ಅಂಕಿ ಒಟ್ಟು ಮಿತಿ ಮಾತ್ರ. ಅದರ ಒಳಗೆ ಕೊಠಡಿ ಬಾಡಿಗೆಗೆ ಇಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂಬ ಒಳಮಿತಿಗಳಿವೆಯೇ, ಪ್ರತಿ ಕ್ಲೈಮ್‌ನಲ್ಲಿ ನೀವೇ ಭರಿಸಬೇಕಾದ ಡಿಡಕ್ಟಿಬಲ್ ಎಷ್ಟು, ಆಸ್ಪತ್ರೆಗೆ ದಾಖಲಾಗದೆ ಪಡೆದ ಹೊರರೋಗಿ ಚಿಕಿತ್ಸೆಗೆ ಹಣ ಸಿಗುತ್ತದೆಯೇ ಎಂಬ ಮೂರು ಸಂಗತಿಗಳ ಮೇಲೆ ಬೆಲೆ ನಿಂತಿರುತ್ತದೆ. ಮಾರಾಟದ ಪುಟದಲ್ಲಿ ಇವು ಕಾಣುವುದಿಲ್ಲ. ಪಾಲಿಸಿ ವರ್ಡಿಂಗ್ಸ್ ಎಂಬ ಪಿಡಿಎಫ್ ಇಳಿಸಿಕೊಂಡು ಓದಬೇಕು. ದಪ್ಪ ಅಕ್ಷರದ ಮೊದಲ ಪುಟಗಳನ್ನು ಬಿಟ್ಟು ನೇರವಾಗಿ ಎಕ್ಸ್‌ಕ್ಲೂಷನ್ಸ್ (ಯಾವುದಕ್ಕೆಲ್ಲ ಹಣ ಸಿಗದು) ಎಂಬಲ್ಲಿಗೆ ಹೋದರೂ ಅಡ್ಡಿಯಿಲ್ಲ.

ಹೊರರೋಗಿ ಚಿಕಿತ್ಸೆಯನ್ನು ಹುಡುಗರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ದುರ್ಗದ ಕೋಟೆಯಲ್ಲಿ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಗಳನ್ನು ನೀವೂ ಕಂಡಿರುತ್ತೀರಿ. ಥಾಯ್ಲೆಂಡಿನ ಲೊಪ್‌ಬುರಿಯೂ ಕೋತಿಗಳಿಗೇ ಹೆಸರಾದ ಊರು. ಅಲ್ಲಿ ಕೋತಿಯೋ ಬೀದಿನಾಯಿಯೋ ಕಚ್ಚಿತೆಂದುಕೊಳ್ಳಿ. ಗಾಯವನ್ನು ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು, ಅಂದೇ ರೇಬಿಸ್ ಲಸಿಕೆ ಆರಂಭಿಸಬೇಕು. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 14 ಮತ್ತು 28ನೆಯ ದಿನ ಚುಚ್ಚುಮದ್ದು ಕೊಡುವ ಕ್ರಮ ನಮ್ಮಲ್ಲಿ ರೂಢಿಯಲ್ಲಿದೆ. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕು, ಬೆಲೆಯಲ್ಲಿ ಅದೇ ಭಾರ. ಇಷ್ಟಾದರೂ ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಒಳರೋಗಿಯಾಗಿ ದಾಖಲಾದರೆ ಮಾತ್ರ ಹಣ ಕೊಡುವ ಅಗ್ಗದ ಪಾಲಿಸಿ ಇಲ್ಲಿ ಬಿಡಿಗಾಸೂ ಕೊಡದು. ಹೊರರೋಗಿ ಚಿಕಿತ್ಸೆ ಸೇರಿದ ಪಾಲಿಸಿಯಲ್ಲಿ ಡಿಡಕ್ಟಿಬಲ್ 100 ಡಾಲರ್ ಇದ್ದರೂ ಅದರ ಮೇಲಿನ ವೆಚ್ಚ ಬರುತ್ತದೆ. ಜ್ವರಕ್ಕೆ ಮಾತ್ರೆ ಕೊಂಡ ಚಿಲ್ಲರೆ ಖರ್ಚು ಆ ಮಿತಿಯನ್ನು ದಾಟುವುದಿಲ್ಲವಾದ್ದರಿಂದ ಅದಕ್ಕಾಗಿ ಕ್ಲೈಮ್ ಹಾಕುವ ಯೋಚನೆ ಬೇಡ.

ಅಸ್ತಮಾವನ್ನು ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆಗೆ ಇಲ್ಲಿನ ಬಹುಪಾಲು ಪಾಲಿಸಿಗಳು ಜೀವಾಪಾಯದ ತುರ್ತಿನಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಹಣ ಕೊಡುತ್ತವೆ. ಕೆಲವು ಅದನ್ನೂ ಕೊಡುವುದಿಲ್ಲ. ಕೊಡುವಂಥದ್ದನ್ನು ಹುಡುಕಿ ಕೊಳ್ಳಿ. ಡಿಸ್ಚಾರ್ಜ್ ಸಾರಾಂಶದಲ್ಲಿ ವೈದ್ಯರು ‘ಬಾಲ್ಯದಿಂದ ಅಸ್ತಮಾ’ ಎಂದು ಒಂದು ಸಾಲು ಬರೆದರೆ ಸಾಕು, ಕ್ಲೈಮ್ ಪರಿಶೀಲಿಸುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅರ್ಜಿಯಲ್ಲಿ ತಿಳಿಸದಿದ್ದರೆ ಸಂಬಂಧವೇ ಇಲ್ಲದ ಕ್ಲೈಮ್ ಕೂಡ ತಗಾದೆಗೆ ಸಿಕ್ಕುತ್ತದೆ.

ಸಾಮಾನು ಕಳೆದುಹೋದರೆ ಸಿಗುವ ಪರಿಹಾರದ ಮೊತ್ತ ನೋಡಿ ಮರುಳಾಗಬೇಡಿ. ಅದು ಸಾಮಾನ್ಯವಾಗಿ ವಿಮಾನಯಾನ ಸಂಸ್ಥೆಯ ವಶಕ್ಕೆ ಕೊಟ್ಟ ಸಾಮಾನಿಗೆ ಮಾತ್ರ. ಹಾಸ್ಟೆಲ್‌ನಲ್ಲಿ ಕಳುವಾದ ಮೊಬೈಲು, ಲ್ಯಾಪ್‌ಟಾಪುಗಳನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ. ವಿಮಾನದಲ್ಲಿ ಸಾಮಾನು ಕಳೆದರೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಸಂಸ್ಥೆಯೇ ಹೊಣೆ. ಅದರ ಗರಿಷ್ಠ ಮಿತಿಯನ್ನು 2024ರ ಡಿಸೆಂಬರ್ 28ರಿಂದ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್‌ಗೆ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ) ಏರಿಸಲಾಗಿದೆ. ಒಂದೇ ಚೀಲವನ್ನು ಹೆಗಲಿಗೇರಿಸಿಕೊಂಡು ವಿಮಾನದೊಳಗೆ ಹೋಗುವ ನೀವು ಆ ಭಾಗಕ್ಕೆ ಹೆಚ್ಚು ಪ್ರೀಮಿಯಂ ಕೊಡುವುದು ವ್ಯರ್ಥ. ಉಳಿದ ದುಡ್ಡನ್ನು ವೈದ್ಯಕೀಯ ಮೊತ್ತವನ್ನು ಲಕ್ಷ ಡಾಲರ್‌ಗೆ ಏರಿಸಲು ಹಾಕಿ. ತೀವ್ರ ಗಾಯಾಳುವನ್ನು ಊರಿಗೆ ಸಾಗಿಸುವ ವೆಚ್ಚ ಅದರೊಳಗೇ ಸೇರಿದೆಯೇ, ಪ್ರತ್ಯೇಕವಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಉತ್ತರ 2 (ಪಿ.ಜೆ. ಬಡಾವಣೆ, ದಾವಣಗೆರೆ)

ಮೇಲಿನ ಹಿರಿಯರು ಬೈಕಿನ ವಿಷಯವನ್ನು ಮುಟ್ಟಲಿಲ್ಲ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಅದೇ.

ನಮ್ಮ ಚಿಕ್ಕಪ್ಪನ ಮಗ ಥಾಯ್ಲೆಂಡಿನ ಪಾಯ್‌ನಲ್ಲಿ ಬಾಡಿಗೆ ಸ್ಕೂಟರಿನಿಂದ ಬಿದ್ದು ಕಾಲರ್ ಮೂಳೆ ಮುರಿದುಕೊಂಡ. ವಿಮೆ ಇತ್ತು, ಹೆಲ್ಮೆಟ್ಟೂ ಹಾಕಿದ್ದ. ಕಂಪನಿಯವರು ಕೇಳಿದ ಮೊದಲ ದಾಖಲೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅದು ಇರಲಿಲ್ಲ. ‘ಸ್ಥಳೀಯ ಕಾನೂನಿನಂತೆ ಮಾನ್ಯವಾದ ಪರವಾನಗಿಯಿಲ್ಲದೆ ವಾಹನ ಚಲಾಯಿಸಿದ್ದರಿಂದ’ ಎಂಬ ಎರಡು ಸಾಲಿನ ಮಿಂಚಂಚೆಯಲ್ಲಿ ಕ್ಲೈಮ್ ತಿರಸ್ಕೃತವಾಯಿತು. ಬಾಡಿಗೆ ಅಂಗಡಿಯವನು ಪರವಾನಗಿಯನ್ನು ಕೇಳಿಯೇ ಇರಲಿಲ್ಲ, ಪಾಸ್‌ಪೋರ್ಟನ್ನು ಒತ್ತೆ ಇಟ್ಟುಕೊಂಡು ಕೀಲಿ ಕೊಟ್ಟಿದ್ದ. ಸ್ಕೂಟರಿನ ಗೀರುಗಳಿಗೆ ದುಡ್ಡು ಎಣಿಸುವವರೆಗೆ ಪಾಸ್‌ಪೋರ್ಟ್ ಹಿಂತಿರುಗಲಿಲ್ಲ. ಒತ್ತೆಯಾಗಿ ನಗದನ್ನು ಕೊಡಿ, ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಆ ಪರವಾನಗಿಯನ್ನು ನಮ್ಮ ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ. ಶುಲ್ಕ 1,000 ರೂಪಾಯಿ, ಅವಧಿ ಗರಿಷ್ಠ ಒಂದು ವರ್ಷ, ನಿಮ್ಮ ಲೈಸೆನ್ಸ್‌ನಲ್ಲಿರುವ ವಾಹನ ವರ್ಗಗಳಿಗಷ್ಟೇ ಅನ್ವಯ. ಕಾರಿನ ಲೈಸೆನ್ಸ್ ಮಾತ್ರ ಇದ್ದವರಿಗೆ ಅದರಿಂದ ಸ್ಕೂಟರ್ ಓಡಿಸುವ ಹಕ್ಕು ಬರುವುದಿಲ್ಲ. ಇದು 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವ ಪರವಾನಗಿಯಾದ್ದರಿಂದ ಥಾಯ್ಲೆಂಡಿನಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಹೀಗಾಗಿ ಹಾ ಜಿಯಾಂಗ್‌ನಲ್ಲಿ ನೀವೇ ಬೈಕ್ ಓಡಿಸಿ ಬಿದ್ದರೆ, ಎಷ್ಟು ದುಬಾರಿ ಪಾಲಿಸಿ ಕೊಂಡಿದ್ದರೂ ಕಂಪನಿಗೆ ನಿರಾಕರಿಸುವ ದಾರಿ ತೆರೆದೇ ಇರುತ್ತದೆ. ಅಲ್ಲಿ ಸ್ಥಳೀಯ ಸವಾರರ ಹಿಂದೆ ಕುಳಿತು ಸುತ್ತುವ ವ್ಯವಸ್ಥೆ ಇದೆ, ಈಸಿ ರೈಡರ್ ಎನ್ನುತ್ತಾರೆ. ಸ್ವಂತ ಓಡಿಸುವುದಕ್ಕಿಂತ ಖರ್ಚು ಜಾಸ್ತಿ, ಆದರೂ ನಾನಾದರೆ ಅದನ್ನೇ ಆರಿಸುತ್ತೇನೆ. ಆ ಘಾಟಿಗಳಲ್ಲಿ ಕಣ್ಣು ಕಣಿವೆಯ ಕಡೆಗಿರಬೇಕೇ ಹೊರತು ಎದುರಿನ ಲಾರಿಯ ಕಡೆಗಲ್ಲ. ಹಿಂಬದಿ ಸವಾರರನ್ನೂ ಹೊರಗಿಡುವ ಪಾಲಿಸಿಗಳಿರುವುದರಿಂದ ಆ ಷರತ್ತನ್ನು ಮಿಂಚಂಚೆಯಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಮದ್ಯ ಸೇವಿಸಿದ್ದು ರಕ್ತಪರೀಕ್ಷೆಯಲ್ಲಿ ಕಂಡರೆ ಅಲ್ಲಿಗೆ ಎಲ್ಲ ಮುಗಿಯಿತು.

ಉತ್ತರ 3 (ಹರಿಹರ)

ಇಷ್ಟೆಲ್ಲ ಷರತ್ತುಗಳಿದ್ದ ಮೇಲೆ ವಿಮೆಯನ್ನೇಕೆ ಕೊಳ್ಳಬೇಕು? ಆ ಹಣವನ್ನು ಬ್ಯಾಂಕಿನಲ್ಲಿಟ್ಟು, ತೊಂದರೆಯಾದರೆ ಮನೆಯಿಂದ ತರಿಸಿಕೊಳ್ಳಬಹುದಲ್ಲ. ಕೊನೆಗೆ ಕಂಪನಿಯವರು ಕೊಡುವುದು ಅಷ್ಟರಲ್ಲೇ ಇದೆ.

ಉತ್ತರ 4 (ಚಿತ್ರದುರ್ಗ, ಚಾರಣಿಗ)

ಹರಿಹರದ ಸ್ನೇಹಿತರೇ, ಚಿಲ್ಲರೆ ಖರ್ಚಿನ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ತಲೆಗೆ ಪೆಟ್ಟಾಗಿ ಬ್ಯಾಂಕಾಕಿನ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲವು ದಿನ ಕಳೆಯಬೇಕಾದರೆ ಬರುವ ಬಿಲ್ಲನ್ನು ತೀರಿಸಲು ಮಧ್ಯಮ ವರ್ಗದ ಮನೆ ಜಮೀನು ಮಾರಬೇಕಾಗುತ್ತದೆ. ವಿಮೆ ಬೇಕಾಗಿರುವುದು ಆ ಒಂದು ಸಂದರ್ಭಕ್ಕಾಗಿಯೇ.

ಪ್ರಶ್ನೆ ಕೇಳಿದವರಿಗೆ ನೇಪಾಳದ ಬಗ್ಗೆ ಹೇಳಬೇಕಾದದ್ದಿದೆ. ಒಂದೇ ಪ್ರವಾಸಕ್ಕೆ ಕೊಂಡ ಪಾಲಿಸಿ ನೀವು ಭಾರತಕ್ಕೆ ಮರಳಿದೊಡನೆ ಮುಗಿಯುತ್ತದೆ, ಪಾಲಿಸಿಯಲ್ಲಿ ದಿನಗಳು ಉಳಿದಿದ್ದರೂ ಅಷ್ಟೇ. ಆದ್ದರಿಂದ ನೇಪಾಳಕ್ಕೆ ಬೇರೆಯದೇ ಬೇಕು. ವರ್ಷವಿಡೀ ನಡೆಯುವ ಮಲ್ಟಿ-ಟ್ರಿಪ್ ಪಾಲಿಸಿ ಅಗ್ಗವೆನಿಸಬಹುದು, ಆದರೆ ಅದರಲ್ಲಿ ಪ್ರತಿ ಪ್ರವಾಸಕ್ಕೂ ದಿನಗಳ ಮಿತಿಯಿರುತ್ತದೆ. ಮಿತಿ 30 ಅಥವಾ 45 ದಿನವಾಗಿದ್ದರೆ ನಿಮ್ಮ ಎರಡನೆಯ ತಿಂಗಳು ರಕ್ಷಣೆಯಿಲ್ಲದೆ ಕಳೆಯುತ್ತದೆ.

ಅನ್ನಪೂರ್ಣ ಬೇಸ್ ಕ್ಯಾಂಪ್ ಇರುವುದು 4,130 ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆ ಸುಮಾರು 2,500 ಮೀಟರ್ ದಾಟಿದ ಮೇಲೆ ಯಾರಿಗಾದರೂ ಬರಬಹುದು. ನಮ್ಮೂರಿನ ಜೋಗಿಮಟ್ಟಿ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುವ ಗಟ್ಟಿಗನಿಗೂ ವಿನಾಯಿತಿಯಿಲ್ಲ, ಅಸ್ತಮಾ ಇರುವವರು ಹೊರಡುವ ಮೊದಲು ವೈದ್ಯರನ್ನು ಕಾಣುವುದು ಒಳ್ಳೆಯದು. ನಮ್ಮ ಸಾಮಾನ್ಯ ಪ್ರವಾಸ ಪಾಲಿಸಿಗಳಲ್ಲಿ ಪರ್ವತಾರೋಹಣ ಹಾಗೂ ಸಾಹಸ ಕ್ರೀಡೆಗಳು ಹೊರಗಿರುತ್ತವೆ. ಹೀಗೆ ಹೊರಗಿಟ್ಟವುಗಳಲ್ಲಿ ಚಾರಣವೂ ಸೇರಿದೆಯೇ, ಸೇರದಿದ್ದರೆ ಎಷ್ಟು ಮೀಟರ್‌ವರೆಗೆ ರಕ್ಷಣೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮೂರು ಸಾವಿರ ಮೀಟರ್‌ವರೆಗಿನ ರಕ್ಷಣೆ ನಿಮಗೆ ಕೈಕೊಡುವುದು ಸರಿಯಾಗಿ ಅದು ಬೇಕಾದ ಜಾಗದಲ್ಲಿಯೇ. ಮುಂದೆ ಮನಸ್ಸು ಬದಲಾಗಿ ಅನ್ನಪೂರ್ಣ ಸರ್ಕ್ಯೂಟ್‌ಗೆ ಹೊರಟರೆ ಥೊರಾಂಗ್ ಲಾ ಕಣಿವೆದಾರಿ 5,416 ಮೀಟರ್ ಎಂಬುದೂ ನೆನಪಿರಲಿ.

ಹೆಲಿಕಾಪ್ಟರ್ ರಕ್ಷಣೆ ಇದೆ ಎಂದಷ್ಟೇ ನೋಡಿದರೆ ಸಾಲದು. ಅಗತ್ಯವಿಲ್ಲದವರನ್ನೂ ಹೆಲಿಕಾಪ್ಟರಿಗೆ ಹತ್ತಿಸಿ ವಿಮಾ ಹಣ ಎತ್ತುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ಹೀಗಾಗಿ ಕಂಪನಿಗಳು ತಮ್ಮ ಸಹಾಯವಾಣಿಯ ಒಪ್ಪಿಗೆಯಿಲ್ಲದೆ ಕರೆಸಿದ ಹೆಲಿಕಾಪ್ಟರಿನ ಬಿಲ್ಲನ್ನು ಸುಲಭಕ್ಕೆ ಒಪ್ಪುವುದಿಲ್ಲ. ಸಹಾಯವಾಣಿಯ ಸಂಖ್ಯೆ ಮತ್ತು ಪಾಲಿಸಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಗೈಡ್‌ನ ಕೈಗೂ ಒಂದು ಪ್ರತಿ ಕೊಟ್ಟಿರಿ.

ಇನ್ನೊಂದು ಸಣ್ಣ ಸಂಗತಿ. ನೀವು ಸುನೌಲಿ ಗಡಿಯಿಂದ ನಡೆದು ದಾಟಿದರೆ ಭಾರತೀಯರಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ ಮುದ್ರೆ ಬೀಳುವುದಿಲ್ಲ. ಕ್ಲೈಮ್‌ಗೆ ಪ್ರವೇಶದ ದಿನಾಂಕದ ಪುರಾವೆ ಬೇಕಾದಾಗ ಬಸ್ಸಿನ ಟಿಕೆಟ್ಟು, ಪೋಖರಾದ ಲಾಡ್ಜಿನ ರಸೀದಿ ಮತ್ತು ಚಾರಣದ ಪರ್ಮಿಟ್ಟು ಕೆಲಸಕ್ಕೆ ಬರುತ್ತವೆ.

ಪ್ರಶ್ನಿಸಿದವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಹಾ ಜಿಯಾಂಗ್‌ನಲ್ಲಿ ಹಿಂದೆ ಕುಳಿತೇ ಹೋಗುತ್ತೇನೆ, ಅಸ್ತಮಾವನ್ನೂ ತಿಳಿಸುತ್ತೇನೆ. ಉಳಿದದ್ದು ಎರಡು ಸಂಶಯ. ದೇಶ ಬಿಟ್ಟ ಮೇಲೂ ಕೊಳ್ಳಬಹುದಾದ ವಿದೇಶಿ ಕಂಪನಿಗಳ ತಿಂಗಳ ಲೆಕ್ಕದ ವಿಮೆ ಬ್ಯಾಕ್‌ಪ್ಯಾಕರುಗಳಲ್ಲಿ ಜನಪ್ರಿಯವಾಗಿದೆ, ಅದು ಒಳ್ಳೆಯದೇ? ಕ್ಲೈಮ್ ತಿರಸ್ಕೃತವಾದರೆ ನಮ್ಮಂಥವರು ಯಾರ ಬಳಿ ಹೋಗಬೇಕು?

ಉತ್ತರ 1ರವರಿಂದ ಮತ್ತೆ

ನಿಮ್ಮ ಎರಡನೆಯ ಸಂಶಯದಲ್ಲೇ ಮೊದಲನೆಯದಕ್ಕೆ ಉತ್ತರವಿದೆ. ಇಲ್ಲಿನ ಕಂಪನಿಯಿಂದ ಕೊಂಡರೆ ಅದು ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಂತ್ರಣದಲ್ಲಿರುತ್ತದೆ. ತಿರಸ್ಕೃತವಾದಾಗ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ 2017ರ ನಿಯಮಗಳಂತೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಅವರಿಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ವಿದೇಶಿ ಕಂಪನಿಯ ಮೇಲೆ ಈ ಹಾದಿ ನಡೆಯದು. ಹೊರಟ ಮೇಲೆ ವಿಮೆ ನೆನಪಾದವರಿಗೆ ಅದು ಇರಲಿ. ನೀವಿನ್ನೂ ದಾವಣಗೆರೆಯಲ್ಲೇ ಇದ್ದೀರಿ. ಇಲ್ಲಿನ ಪಾಲಿಸಿಗಳನ್ನು ಸಾಮಾನ್ಯವಾಗಿ ದೇಶ ಬಿಡುವ ಮೊದಲೇ ಕೊಳ್ಳಬೇಕು, ಅವಧಿ ವಿಸ್ತರಿಸಬೇಕಾದರೂ ಮುಗಿಯುವ ಮೊದಲೇ ಕೇಳಬೇಕು. ವಾಪಸಾಗುವ ದಿನ ಖಚಿತವಿಲ್ಲದಿದ್ದರೆ ಒಂದು ವಾರ ಹೆಚ್ಚಿಗೇ ಹಾಕಿಸಿ.

ಆಸ್ಪತ್ರೆಗೆ ಸೇರುವ ಸಂದರ್ಭ ಬಂದರೆ ದಾಖಲಾಗುವ ಮೊದಲು, ಅದಾಗದಿದ್ದರೆ 24 ಗಂಟೆಯೊಳಗೆ ಸಹಾಯವಾಣಿಗೆ ತಿಳಿಸಿ. ಖಾಸಗಿ ಆಸ್ಪತ್ರೆಗಳು ಠೇವಣಿ ಕೇಳುವುದರಿಂದ ಕ್ಯಾಶ್‌ಲೆಸ್‌ಗೆ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದಕ್ಕೆ, ಅದೇ ದಾರಿ. ಮೂಲ ಬಿಲ್ಲುಗಳು, ಡಿಸ್ಚಾರ್ಜ್ ಸಾರಾಂಶ, ಬೋರ್ಡಿಂಗ್ ಪಾಸ್ ಮತ್ತು ಮುದ್ರೆಯಿರುವ ಪಾಸ್‌ಪೋರ್ಟ್ ಪುಟದ ಫೋಟೊಗಳನ್ನು ಅಂದಂದೇ ಮನೆಯವರಿಗೆ ಕಳುಹಿಸುತ್ತಿರಿ. ಬಿಲ್ಲು ಥಾಯ್ ಭಾಷೆಯಲ್ಲಿದ್ದರೆ ಇಂಗ್ಲಿಷಿನ ಪ್ರತಿಯನ್ನು ಆಸ್ಪತ್ರೆಯ ಕೌಂಟರಿನಲ್ಲೇ ಕೇಳಿ ಪಡೆಯಿರಿ, ಊರಿಗೆ ಬಂದ ಮೇಲೆ ಅದನ್ನು ತರಿಸುವುದು ಬಹಳ ಕಷ್ಟ.